ಅಮ್ಮನಿಗೆ ಕಾಗದ ಬರೆದೆಯಾ?



ಒಂದು ಪುಟ್ಟ ಕೈ ನನ್ನ ಸೀರೆಯ ಸೆರಗನ್ನು ಹಿಡಿದುಕೊಂಡಿತ್ತು. ನಮ್ಮೂರಿನಲ್ಲಲ್ಲ, ಕಡಲು ದಾಟಿ ಹೋಗಬೇಕಾದ ಕಾಂಬೋಡಿಯ ದೇಶದ ಸಿಯೆಮ್ ರೀಪ್ ಎಂಬ ಊರಿನಲ್ಲಿ. ಅದಾಗಿ ಹತ್ತು ವರ್ಷ ದಾಟಿದೆ. ಇವತ್ತಿಗೂ ಸೆರಗು ಬಾಗಿಲ ಚಿಲಕಕ್ಕೆ ಸಿಕ್ಕಿ ಎಳೆದ ಹಾಗಾದರೆ ನಾನು ನಿಂತುಬಿಡುತ್ತೇನೆ. ಆ ಮಗುವಿನ ಮುಖ ಕಣ್ಣ ಮುಂದೆ ಬರುತ್ತದೆ. ಆ ಕೈ ನನಗೆ ಏನು ಕಲಿಸಿತು ಎನ್ನುವುದನ್ನು ಇವತ್ತು ನಿಮಗೆ ಹೇಳಬೇಕು.

ನಾನು ಶಿವಮೊಗ್ಗ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿದವಳು. ಕೊನೆಯ ಒಂಬತ್ತು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದೆ. 2013ರಲ್ಲಿ ನಿವೃತ್ತಿಯಾಯಿತು. ಮಗ ಸಿಂಗಪುರದಲ್ಲಿ ಕೆಲಸದಲ್ಲಿದ್ದ. "ಅಮ್ಮಾ, ಜನ್ಮದಲ್ಲಿ ಒಂದು ಸಲ ಅಂಕೋರ್ ವಾಟ್ ನೋಡಬೇಕು ಅಂತ ಪಾಠ ಮಾಡುವಾಗಲೆಲ್ಲ ಹೇಳ್ತಿದ್ದೆಯಲ್ಲ, ಈಗ ಬಾ" ಎಂದು ಕರೆಸಿಕೊಂಡ. ಮಗ, ಸೊಸೆ, ನಾನು, ಮೂವರೂ 2014ರ ಜನವರಿಯಲ್ಲಿ ಸಿಯೆಮ್ ರೀಪಿಗೆ ಹೋದೆವು.

ಅಂಕೋರ್‌ನ ಹಳೆಯ ದೇವಾಲಯಗಳ ಬಗ್ಗೆ ಹೇಳುತ್ತ ಕೂತರೆ ಇವತ್ತಿನ ಸಮಯವೆಲ್ಲ ಅದಕ್ಕೇ ಹೋದೀತು. ಒಂದೇ ಒಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಅಲ್ಲಿ ತಾ ಪ್ರೋಮ್ ಎಂಬ ದೇವಾಲಯವಿದೆ. ಕಲ್ಲಿನ ಗೋಡೆಗಳ ಮೇಲೆ ದೊಡ್ಡ ದೊಡ್ಡ ಮರಗಳ ಬೇರು ಇಳಿಬಿದ್ದಿರುವ ಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಏಳನೆಯ ಜಯವರ್ಮನೆಂಬ ದೊರೆ ಅದನ್ನು ಕಟ್ಟಿಸಿದ್ದು ತನ್ನ ತಾಯಿಯ ಹೆಸರಿನಲ್ಲಿ. 1186ರ ಅಲ್ಲಿನ ಸಂಸ್ಕೃತ ಶಾಸನದಲ್ಲಿ, ರಾಜ್ಯದಲ್ಲಿ 102 ಆರೋಗ್ಯಶಾಲೆಗಳಿದ್ದವು ಎಂದು ಬರೆದಿದೆ. ಆರೋಗ್ಯಶಾಲೆ ಎನ್ನುವುದು ಶಾಸನದ್ದೇ ಮಾತು. ಎಂಟು ನೂರು ವರ್ಷದ ಹಿಂದೆ, ಅಷ್ಟು ದೂರದ ಕಾಡಿನ ನಡುವಿನ ಕಲ್ಲಿನ ಮೇಲೆ, ನಮ್ಮ ನಾಲಿಗೆಗೆ ಇಷ್ಟು ಹತ್ತಿರದ ಮಾತು. ಅದನ್ನು ಕೇಳಿ ನನಗೆ ಮೈ ಜುಮ್ಮೆಂದಿತು. ತಾಯಿಯ ಗುಡಿ, ಆರೋಗ್ಯಶಾಲೆ. ಈ ಎರಡು ಮಾತುಗಳನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.

ಎರಡನೆಯ ದಿನ ಮಧ್ಯಾಹ್ನ ನಮ್ಮನ್ನು ಸುತ್ತಾಡಿಸುತ್ತಿದ್ದ ಟುಕ್‌ಟುಕ್ ಗಾಡಿಯವನು ಕೇಳಿದ: "ಇಲ್ಲೇ ಹತ್ತಿರ ಒಂದು ಅನಾಥಾಲಯ ಇದೆ, ಮಕ್ಕಳನ್ನು ನೋಡುತ್ತೀರಾ? ಪ್ರವಾಸಿಗಳು ಬಂದರೆ ಮಕ್ಕಳಿಗೆ ಬಹಳ ಸಂತೋಷ." ಮೇಷ್ಟ್ರ ಕೆಲಸ ಮಾಡಿದವಳು ಮಕ್ಕಳೆಂದರೆ ಬೇಡ ಎನ್ನುತ್ತೇನೆಯೇ? ದಾರಿಯಲ್ಲಿ ಗಾಡಿ ನಿಲ್ಲಿಸಿ ಎರಡು ಡಜನ್ ನೋಟ್‌ಬುಕ್ಕು, ಪೆನ್ಸಿಲು, ಒಂದು ಚೀಲ ಅಕ್ಕಿ ಕೊಂಡೆವು. ಆ ಸಂಸ್ಥೆಯ ಹೆಸರು ಹೇಳುವುದಿಲ್ಲ. ಹೇಳಬೇಕಾದ್ದು ಒಂದು ಸಂಸ್ಥೆಯ ವಿಷಯವಲ್ಲ, ನಮ್ಮಂಥವರ ವಿಷಯ.

ತಗಡಿನ ಮಾಡು, ಸಿಮೆಂಟಿನ ಅಂಗಳ. ಮೂವತ್ತು ಮಕ್ಕಳಿರಬಹುದು. ದೊಡ್ಡ ಮಕ್ಕಳು ತೆಂಗಿನ ಚಿಪ್ಪು ಹಿಡಿದು ತಾಳ ಹಾಕುತ್ತ ಕುಣಿದರು. ಅದು ಆ ದೇಶದ ಜಾನಪದ ಕುಣಿತ, ನಮ್ಮ ಕೋಲಾಟದ ಹಾಗೆ ಚೆಂದ. ಕುಣಿತ ನಡೆಯುತ್ತಿದ್ದ ಹಾಗೆಯೇ ನಾಲ್ಕೈದು ವರ್ಷದ ಒಂದು ಹೆಣ್ಣು ಮಗು ಓಡಿ ಬಂದು ನನ್ನ ಮಡಿಲಲ್ಲಿ ಕೂತಿತು. ಹೆಸರು ಕೇಳಲಿಲ್ಲ, ಮುಖ ನೋಡಲಿಲ್ಲ. ಸೆರಗಿನ ತುದಿಯನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡು ಎದೆಗೆ ತಲೆ ಆನಿಸಿಬಿಟ್ಟಿತು. ನನ್ನ ಕಣ್ಣು ತುಂಬಿಬಂತು. "ನೋಡೋ, ಭಾಷೆ ಬೇಕಾ? ಮಗು ಹೇಗೆ ಗುರುತು ಹಿಡಿಯಿತು ನೋಡು" ಎಂದೆ ಮಗನಿಗೆ. ಸೊಸೆ ಫೋಟೋ ತೆಗೆದಳು.

ಅಲ್ಲಿ ಹದಿಮೂರು ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಮಗುವಿನ ಅಪ್ಪ ಅಮ್ಮ ಏನಾದರು ಎಂದು ಮೆಲ್ಲಗೆ ಕೇಳಿದೆ. ಅವನು ಆಶ್ಚರ್ಯದಿಂದ ನನ್ನನ್ನೇ ನೋಡಿ ಹೇಳಿದ: "ಅಮ್ಮ ಊರಿನಲ್ಲಿದ್ದಾರೆ. ಪ್ರೇ ವೆಂಗ್‌ನಲ್ಲಿ." ನಾನು ಕೇಳಿದ್ದು ಅವನಿಗೆ ತಿಳಿಯಲಿಲ್ಲವೇನೋ ಎಂದುಕೊಂಡು ಮತ್ತೆ ಕೇಳಿದೆ. ಅವನು ಇನ್ನಷ್ಟು ಬಿಡಿಸಿ ಹೇಳಿದ: ಇವಳ ಅಮ್ಮ ಇದ್ದಾಳೆ, ನನ್ನ ಅಪ್ಪ ಅಮ್ಮ ಇಬ್ಬರೂ ಇದ್ದಾರೆ.

ಅಷ್ಟು ಹೊತ್ತಿಗೆ ಹೊರಗೆ ಇನ್ನೊಂದು ಗಾಡಿ ಬಂದು ನಿಂತಿತು. ಯಾವುದೋ ದೇಶದ ಹತ್ತು ಹನ್ನೆರಡು ಪ್ರವಾಸಿಗಳು ಇಳಿದರು. ನನ್ನ ಮಡಿಲಿನ ಮಗು ಸೆರಗನ್ನು ಬಿಡಿಸಿಕೊಂಡು ಎದ್ದು, ಓಡಿಹೋಗಿ, ಮೊದಲು ಕಂಡ ಹೆಂಗಸಿನ ಸೊಂಟಕ್ಕೆ ಅಪ್ಪಿಕೊಂಡಿತು. ಅದೇ ಮುಖ, ಅದೇ ರೀತಿ ತಲೆ ಆನಿಸುವುದು. ಆ ಹೆಂಗಸಿನ ಕಣ್ಣಿನಲ್ಲೂ ನೀರು. ದೊಡ್ಡ ಮಕ್ಕಳು ಚಿಪ್ಪುಗಳನ್ನು ಎತ್ತಿಕೊಂಡು ಮತ್ತೆ ಕುಣಿತಕ್ಕೆ ನಿಂತರು. ನಾವು ಬಾಗಿಲ ಬಳಿಯ ಡಬ್ಬಿಗೆ ಹಣ ಹಾಕಿ ಹೊರಟೆವು. ಮಗು ತಿರುಗಿ ನೋಡಲಿಲ್ಲ.

ಬಂಧುಗಳೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದೇ ಪ್ರಶ್ನೆ ಕಾಡುತ್ತಿತ್ತು. ನನ್ನ ಶಾಲೆಗೆ ಒಂದು ದಿನ ಹೀಗೆಯೇ ಒಂದು ಬಸ್ಸು ಬಂದು ನಿಂತು, ಗುರುತು ಪರಿಚಯ ಇಲ್ಲದ ಹತ್ತು ಜನ ಇಳಿದು, "ನಿಮ್ಮ ಒಂದನೆಯ ಕ್ಲಾಸಿನ ಮಕ್ಕಳನ್ನು ಸ್ವಲ್ಪ ಹೊತ್ತು ಎತ್ತಿ ಆಡಿಸಿ, ಫೋಟೋ ತೆಗೆದುಕೊಂಡು ಹೋಗುತ್ತೇವೆ" ಎಂದಿದ್ದರೆ ಬಿಡುತ್ತಿದ್ದೆನೆ? ಗೇಟಿನ ಹತ್ತಿರವೇ ತಡೆಯುತ್ತಿದ್ದೆ. ಊರಿನವರನ್ನು ಕರೆಸುತ್ತಿದ್ದೆ. ನನ್ನ ಊರಿನ ಮಗುವಿಗೆ ಬೇಡವಾದದ್ದು ಆ ಊರಿನ ಮಗುವಿಗೆ ಹೇಗೆ ಒಳ್ಳೆಯದಾಯಿತು? ಆ ಮಗು ಬಡವರದು, ನಾನು ಅಕ್ಕಿ ಚೀಲ ತಂದವಳು. ಈ ಒಂದೇ ಕಾರಣಕ್ಕೆ ನನಗೆ ಬಾಗಿಲು ತೆರೆದಿತ್ತು.

ಊರಿಗೆ ಬಂದ ಮೇಲೆ ಈ ವಿಷಯವನ್ನು ಹುಡುಕಿ ಹುಡುಕಿ ಓದಿದೆ. ಕಾಂಬೋಡಿಯ ಎಂಥ ಸಂಕಟ ಉಂಡ ದೇಶವೆಂದು ನಿಮಗೆ ಗೊತ್ತು. 1975ರ ಏಪ್ರಿಲ್‌ನಿಂದ 1979ರ ಜನವರಿಯವರೆಗೆ ಅಲ್ಲಿ ಖ್ಮೇರ್ ರೂಜ್ ಎಂಬ ಗುಂಪಿನ ಆಡಳಿತ. ನಾಲ್ಕು ವರ್ಷ ತುಂಬುವುದರೊಳಗೆ ಹದಿನೈದು ಲಕ್ಷಕ್ಕೂ ಹೆಚ್ಚು ಜನ ಹಸಿವು, ರೋಗ, ಕೊಲೆಗೆ ಬಲಿಯಾದರು. ಆಗ ನಿಜವಾಗಿಯೂ ಅನಾಥರಾದ ಮಕ್ಕಳು ಲೆಕ್ಕವಿಲ್ಲದಷ್ಟು. 1991ರಲ್ಲಿ ಪ್ಯಾರಿಸ್ಸಿನಲ್ಲಿ ಶಾಂತಿ ಒಪ್ಪಂದವಾಯಿತು. ದೇಶ ನಿಧಾನವಾಗಿ ಎದ್ದು ನಿಂತಿತು. ಶಾಂತಿ ಬಂದ ಮೇಲೆ ಅನಾಥಾಲಯಗಳು ಕಡಿಮೆಯಾಗಬೇಕಲ್ಲವೇ? ಆದದ್ದು ಬೇರೆ. 2005ರಿಂದ 2010ರವರೆಗಿನ ಐದೇ ವರ್ಷದಲ್ಲಿ ಇಂಥ ಮಕ್ಕಳ ಮನೆಗಳು ಶೇಕಡ 75ರಷ್ಟು ಹೆಚ್ಚಿ 269ಕ್ಕೆ ಏರಿದವು. ಅಲ್ಲಿನ ಸರ್ಕಾರವೂ ಯುನಿಸೆಫ್ ಸಂಸ್ಥೆಯೂ ಸೇರಿ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಲೆಕ್ಕವಿದೆ. ಆ ಮನೆಗಳ ಮಕ್ಕಳಲ್ಲಿ ಹೆಚ್ಚು ಕಡಿಮೆ ನಾಲ್ಕರಲ್ಲಿ ಮೂರು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ ಎಂದೂ ಅದು ಹೇಳುತ್ತದೆ.

ಆ ಹುಡುಗ ಹೇಳಿದ್ದು ಸತ್ಯವಾಗಿತ್ತು.

ಏಕೆ ಹೀಗಾಯಿತು? ಅಂಕೋರ್ ನೋಡಲು ಲಕ್ಷಗಟ್ಟಲೆ ಪ್ರವಾಸಿಗಳು ಬರತೊಡಗಿದರು. ಬಂದವರ ಮನಸ್ಸು ಕರಗುತ್ತದೆ, ಕರಗಿದ ಮನಸ್ಸು ಕೈಬಿಚ್ಚಿ ಕೊಡುತ್ತದೆ. ಅವರ ಕಣ್ಣಿಗೆ ಕಾಣುವ ಕಡೆ ಮಕ್ಕಳು ಬೇಕಾದರು. ಬಡ ರೈತನ ಮನೆಗೆ ಹೋಗಿ, "ಮಗುವನ್ನು ಕಳುಹಿಸಿ, ಮೂರು ಹೊತ್ತು ಊಟ ಹಾಕುತ್ತೇವೆ, ಇಂಗ್ಲಿಷ್ ಕಲಿಸುತ್ತೇವೆ" ಎಂದರೆ ಯಾವ ತಾಯಿ ಬೇಡವೆಂದಾಳು? ತನ್ನ ಎದೆಯ ಮೇಲೆ ಕಲ್ಲು ಇಟ್ಟುಕೊಂಡು ಕಳುಹಿಸುತ್ತಾಳೆ. ಅವಳು ಮಗುವನ್ನು ಬಿಟ್ಟವಳಲ್ಲ. ಮಗು ಉದ್ಧಾರವಾಗಲಿ ಎಂದು ಬಯಸಿದವಳು. ಒಳ್ಳೆಯ ಮನಸ್ಸಿನಿಂದ ಮಕ್ಕಳನ್ನು ಸಾಕುತ್ತಿರುವ ಮನೆಗಳೂ ಅಲ್ಲಿವೆ, ನಿಜವಾಗಿ ದಿಕ್ಕಿಲ್ಲದ ಮಕ್ಕಳೂ ಇದ್ದಾರೆ. ಆದರೆ ತಾಯಿ ಇರುವ ಮಗುವನ್ನು ತಾಯಿಯಿಂದ ದೂರ ಮಾಡಲು ನಾವು ಹಾಕಿದ ಹಣವೂ ಒಂದು ಕಾರಣವಾಯಿತು ಎಂಬ ಮಾತನ್ನು ನಾವು ಅರಗಿಸಿಕೊಳ್ಳಲೇಬೇಕು. ಮಕ್ಕಳು ಪ್ರವಾಸಿಗಳು ನೋಡಿಹೋಗುವ ಆಕರ್ಷಣೆಯಲ್ಲ ಎಂದು ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ 2011ರಲ್ಲಿ ಅಲ್ಲಿ ದೊಡ್ಡ ಪ್ರಚಾರವನ್ನೇ ಕೈಗೊಂಡಿತ್ತು. ನಾನು ಹೋದದ್ದು ಅದಾಗಿ ಮೂರು ವರ್ಷಕ್ಕೆ. ನನ್ನ ಕಿವಿಗೆ ಬಿದ್ದಿರಲಿಲ್ಲ.

ಇನ್ನು ಆ ಅಪ್ಪುಗೆ. ನನ್ನ ಕಣ್ಣಲ್ಲಿ ನೀರು ತರಿಸಿದ ಆ ಅಪ್ಪುಗೆಯ ಬಗ್ಗೆ ಓದಿದಾಗ ಹೆಚ್ಚು ನೋವಾಯಿತು. ಮನೆಯಲ್ಲಿ ಬೆಳೆದ ನಾಲ್ಕು ವರ್ಷದ ಮಗು ಹೊಸಬರನ್ನು ಕಂಡರೆ ಏನು ಮಾಡುತ್ತದೆ? ಅಮ್ಮನ ಹಿಂದೆ ಅವಿತುಕೊಳ್ಳುತ್ತದೆ. ಅಮ್ಮನ ಸೆರಗಿನ ಮರೆಯಿಂದ ಇಣುಕಿ ನೋಡುತ್ತದೆ. ಇವರು ನಮ್ಮವರು ಎಂದು ಅಮ್ಮ ಹೇಳಿದ ಮೇಲೆ ಮೆಲ್ಲಗೆ ಹೊರಗೆ ಬರುತ್ತದೆ. ಹಾಗೆ ಅವಿತುಕೊಳ್ಳುವುದೇ ಆರೋಗ್ಯದ ಲಕ್ಷಣ. ಬಂದ ಬಂದವರನ್ನೆಲ್ಲ ಅಪ್ಪಿಕೊಳ್ಳುವ ಮಗುವಿಗೆ ಇವರೇ ನನ್ನವರು ಎನ್ನುವಂಥ ಒಬ್ಬರು ಸಿಕ್ಕಿಲ್ಲದಿರಬಹುದು. ಮಗುವಿಗೆ ಅನ್ನದಷ್ಟೇ ಮುಖ್ಯ, ದಿನವೂ ಸಿಗುವ ಒಂದೇ ಮಡಿಲು. ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯಲ್ಲಿ ಇದನ್ನು ಒತ್ತಿ ಹೇಳಿದ್ದರು. ರುಮೇನಿಯದ ಬುಕಾರೆಸ್ಟ್ ನಗರದಲ್ಲಿ 2000ದಿಂದ ಮುಂದೆ ಸಂಶೋಧಕರು ಅನಾಥಾಲಯಗಳ 136 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಎರಡು ವರ್ಷ ತುಂಬುವುದರೊಳಗೆ ಒಂದು ಸಂಸಾರದ ಮಡಿಲಿಗೆ ಸೇರಿದ ಮಕ್ಕಳು ಉಳಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡದ್ದು ಕಂಡುಬಂತು.

ಹೊರದೇಶಕ್ಕೆ ಸ್ವಯಂಸೇವೆಗೆಂದು ಹೋಗುವ ತರುಣ ತರುಣಿಯರು ಎರಡು ವಾರ ಇರುತ್ತಾರೆ. ಪ್ರೀತಿಯಿಂದಲೇ ಇರುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಮಗು ಹಚ್ಚಿಕೊಳ್ಳುತ್ತದೆ. ಹದಿನೈದನೆಯ ದಿನ ಅವರು ಹೊರಡುತ್ತಾರೆ, ಮುಂದಿನ ತಂಡ ಬರುತ್ತದೆ. ಅವರ ಪಾಲಿಗೆ ಅದು ಒಂದು ಬೀಳ್ಕೊಡುಗೆ. ಮಗುವಿನ ಪಾಲಿಗೆ ವರ್ಷಕ್ಕೆ ಇಪ್ಪತ್ತು ಬೀಳ್ಕೊಡುಗೆ. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಮಕ್ಕಳ ಹಕ್ಕುಗಳ ಕುರಿತು ಕೈಗೊಂಡ ನಿರ್ಣಯದಲ್ಲಿ, ಅನಾಥಾಲಯಗಳಿಗೆ ನಡೆಯುವ ಇಂಥ ಪ್ರವಾಸ ಮತ್ತು ಸ್ವಯಂಸೇವೆಯಿಂದ ಮಕ್ಕಳಿಗೆ ಆಗುವ ಹಾನಿಯ ಬಗ್ಗೆ ಕಳವಳದ ಮಾತು ಸೇರಿದೆ.

ಹಾಗಾದರೆ ಏನು ಮಾಡಬೇಕು? ಹೊರದೇಶದ ಬಡ ಮಕ್ಕಳಿಗೆ ನಾವು ಏನೂ ಮಾಡಬಾರದೇ? ಬಂಧುಗಳೇ, ನಾನು ಹಾಗೆ ಹೇಳುತ್ತಿಲ್ಲ. ನಮ್ಮ ಪ್ರವಾಸದ ಮೂರನೆಯ ದಿನದ ಕಥೆ ಇನ್ನೂ ಬಾಕಿ ಇದೆ.

ಅವತ್ತು ಶನಿವಾರ. ಸಿಯೆಮ್ ರೀಪಿನಲ್ಲಿ ಮಕ್ಕಳ ದೊಡ್ಡ ಆಸ್ಪತ್ರೆಯೊಂದಿದೆ. ಅದರ ಹೆಸರು ಏಳನೆಯ ಜಯವರ್ಮ ಆಸ್ಪತ್ರೆ. ಹೌದು, ತಾಯಿಗೆ ಗುಡಿ ಕಟ್ಟಿದ, ಆರೋಗ್ಯಶಾಲೆಗಳನ್ನು ನಡೆಸಿದ ಅದೇ ದೊರೆಯ ಹೆಸರು. 1999ರಲ್ಲಿ ಅದನ್ನು ಶುರು ಮಾಡಿದವರು ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಬೇಆಟ್ ರಿಕ್ನರ್. 1974ರಲ್ಲಿ ಅವರು ತರುಣ ವೈದ್ಯರಾಗಿ ರಾಜಧಾನಿ ಫ್ನೋಮ್ ಪೆನ್ನಿನ ಕಾಂಥಾ ಬೋಫಾ ಎಂಬ ಮಕ್ಕಳ ಆಸ್ಪತ್ರೆಗೆ ಬಂದವರು. ದೊರೆ ಸಿಹಾನುಕ್ ಎಳೆಯ ವಯಸ್ಸಿನಲ್ಲಿ ತೀರಿಕೊಂಡ ತನ್ನ ಮಗಳ ಹೆಸರಿನಲ್ಲಿ ಕಟ್ಟಿಸಿದ ಆಸ್ಪತ್ರೆ ಅದು. ಮರುವರ್ಷ ಖ್ಮೇರ್ ರೂಜ್ ಬಂದಿತು. ರಿಕ್ನರ್ ದೇಶ ಬಿಟ್ಟು ಹೋಗಬೇಕಾಯಿತು. ಯುದ್ಧ ಮುಗಿದ ಮೇಲೆ ಸಿಹಾನುಕ್ ಕೇಳಿಕೊಂಡಾಗ ಅವರು ಜೂರಿಕ್ಕಿನ ತಮ್ಮ ಕೆಲಸ ಬಿಟ್ಟು ಮರಳಿ ಬಂದರು. 1992ರಲ್ಲಿ ಪಾಳುಬಿದ್ದ ಆಸ್ಪತ್ರೆಯ ಬಾಗಿಲು ಮತ್ತೆ ತೆರೆಸಿದರು. ಆಮೇಲೆ ಒಂದಾದ ಮೇಲೊಂದು ಆಸ್ಪತ್ರೆ ಕಟ್ಟುತ್ತ ಹೋದರು. ಎಲ್ಲ ಕಡೆಯೂ ಮಕ್ಕಳಿಗೆ ಚಿಕಿತ್ಸೆ ಉಚಿತ.

ಪ್ರತಿ ಶನಿವಾರ ಸಂಜೆ ಆ ಆಸ್ಪತ್ರೆಯ ಸಭಾಂಗಣದಲ್ಲಿ ರಿಕ್ನರ್ ಸೆಲ್ಲೊ ನುಡಿಸುತ್ತಿದ್ದರು. ಸೆಲ್ಲೊ ಎಂದರೆ ಪಿಟೀಲಿನ ಜಾತಿಯದೇ, ಕುರ್ಚಿಯಲ್ಲಿ ಕೂತು ಮೊಣಕಾಲ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ವಾದ್ಯ. ಬಾಖ್ ಎಂಬ ಪಾಶ್ಚಾತ್ಯ ಸಂಗೀತಗಾರ ರಚಿಸಿದ ಸಂಗೀತವನ್ನು ನುಡಿಸುವುದು, ನಡುನಡುವೆ ಆಸ್ಪತ್ರೆಯ ಕಥೆ ಹೇಳುವುದು. ನಾವೂ ಹೋಗಿ ಕೂತೆವು. ಅವರು ಪ್ರವಾಸಿಗಳನ್ನು ಬೇಡಿದ ರೀತಿ ನನಗೆ ಬಹಳ ಹಿಡಿಸಿತು. ವಯಸ್ಸಾದವರು ಹಣ ಕೊಡಿ, ಚಿಕ್ಕ ವಯಸ್ಸಿನವರು ರಕ್ತ ಕೊಡಿ, ನಡುವಯಸ್ಸಿನವರು ಎರಡನ್ನೂ ಕೊಡಿ. ಕೇಳಿದ್ದು ಇಷ್ಟೇ. ವಾರ್ಡಿಗೆ ಬಂದು ಮಕ್ಕಳನ್ನು ಆಡಿಸಿ ಎನ್ನಲಿಲ್ಲ, ಮಕ್ಕಳನ್ನು ವೇದಿಕೆಗೆ ಕರೆತರಲಿಲ್ಲ. ನುಡಿಸಿದ್ದು ಅವರು. ಮಕ್ಕಳು ಒಳಗೆ ತಮ್ಮ ಅಮ್ಮಂದಿರ ಪಕ್ಕದಲ್ಲಿ ಮಲಗಿದ್ದರು.

ಆ ದೇಶದಲ್ಲಿ ಡೆಂಗಿ ಜ್ವರ ಹೆಚ್ಚು. ಹುಟ್ಟಿನಿಂದಲೇ ರಕ್ತ ಸಾಲದಂತೆ ಮಾಡುವ ಥಲಸ್ಸೇಮಿಯ ಕಾಯಿಲೆಯೂ ಅಲ್ಲಿ ಹೆಚ್ಚು. ಮಕ್ಕಳಿಗೆ ರಕ್ತ ಬೇಕೇ ಬೇಕು. ಮಾರನೆಯ ಬೆಳಿಗ್ಗೆ ಮಗ, ಸೊಸೆ ಇಬ್ಬರೂ ರಕ್ತ ಕೊಡಲು ಹೋದರು. ನನಗೆ ವಯಸ್ಸು ಮೀರಿತ್ತು. ಹೊರಗೆ ನೆರಳಿನಲ್ಲಿ ಕಲ್ಲುಬೆಂಚಿನ ಮೇಲೆ ಕೂತೆ.

ಆ ಅಂಗಳದ ತುಂಬ ತಾಯಂದಿರು, ಅಜ್ಜಿಯರು. ಚಾಪೆ ಹಾಸಿಕೊಂಡು, ಬುತ್ತಿ ಬಿಚ್ಚಿಕೊಂಡು, ಥೇಟ್ ನಮ್ಮ ಜಿಲ್ಲಾ ಆಸ್ಪತ್ರೆಯ ಅಂಗಳದ ಹಾಗೆ. ನನ್ನ ಪಕ್ಕದಲ್ಲೇ ಒಬ್ಬ ತರುಣಿ. ಅವಳ ಒಂದು ಮಗು ಒಳಗೆ ಹಾಸಿಗೆಯಲ್ಲಿದೆ ಎಂದು ಕೈಸನ್ನೆಯಲ್ಲಿ ಹೇಳಿದಳು. ಇನ್ನೊಂದು ಆರೇಳು ತಿಂಗಳ ಕೂಸು ಅವಳ ಹೆಗಲಿನ ಜೋಲಿಯಲ್ಲಿತ್ತು. ಅಲ್ಲಿ ಕ್ರಮಾ ಎಂಬ ಚೌಕಳಿ ಬಟ್ಟೆ ಎಲ್ಲರ ಹೆಗಲ ಮೇಲೂ ಇರುತ್ತದೆ. ಬಿಸಿಲಿಗೆ ತಲೆಗೆ ಸುತ್ತುವುದೂ ಅದೇ, ಬೆವರು ಒರೆಸುವುದೂ ಅದೇ, ಮಗುವಿಗೆ ಜೋಲಿಯೂ ಅದೇ. ನಮ್ಮ ರೈತರ ಹೆಗಲಿನ ಟವೆಲ್ಲಿನ ಹಾಗೆ. ಆಕೆಗೆ ಒಳಗಿನಿಂದ ಕರೆ ಬಂತು. ಕೂಸನ್ನು ಕರೆದುಕೊಂಡು ಹೋಗುವ ಹಾಗಿರಲಿಲ್ಲವೋ ಏನೋ, ಸುತ್ತ ನೋಡಿದಳು, ನನ್ನನ್ನು ನೋಡಿದಳು. ನನ್ನ ಬಿಳಿಕೂದಲು ನೋಡಿದಳೆಂದು ಕಾಣುತ್ತದೆ. ಜೋಲಿ ಬಿಚ್ಚಿ ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಎರಡೂ ಕೈ ಜೋಡಿಸಿ ಒಳಗೆ ಓಡಿದಳು.

ಕೂಸು ಒಂದು ಗಳಿಗೆ ನನ್ನ ಮುಖ ನೋಡಿತು. ಆಮೇಲೆ ಅತ್ತಿತು. ಏನು ಮಾಡಿದರೂ ನಿಲ್ಲಲಿಲ್ಲ. ನನಗೆ ಗೊತ್ತಿದ್ದ ಜೋಗುಳವನ್ನೆಲ್ಲ ಹಾಡಿದೆ, ತೊಡೆ ತೂಗಿದೆ, ಬಳೆ ಕುಲುಕಿಸಿದೆ. ಕೂಸಿನ ಕಣ್ಣೆಲ್ಲ ಅಮ್ಮ ಹೋದ ಬಾಗಿಲ ಕಡೆಗೇ. ಹತ್ತು ನಿಮಿಷಕ್ಕೆ ಅಮ್ಮ ಬಂದಳು. ಅವಳ ಹೆಗಲಿಗೆ ಹೋದ ಕ್ಷಣವೇ ಕೂಸು ಬಿಕ್ಕುತ್ತ ಸುಮ್ಮನಾಯಿತು. ಅವಳ ಕತ್ತಿನ ಮರೆಯಿಂದ ನನ್ನನ್ನು ಇಣುಕಿ ನೋಡಿತು. ನಾನು ಕೈ ಚಾಚಿದರೆ ಮುಖ ತಿರುಗಿಸಿಕೊಂಡಿತು. ಅವಳು ನಕ್ಕಳು, ನಾನೂ ನಕ್ಕೆ.

ಅಲ್ಲಿ ನನ್ನನ್ನು ಅಪ್ಪಿಕೊಂಡ ಮಗು, ಇಲ್ಲಿ ನನ್ನನ್ನು ಒಲ್ಲೆನೆಂದು ಅತ್ತ ಮಗು. ಆವತ್ತಿಗೆ ಇದರ ಅರ್ಥ ಪೂರ್ತಿ ಆಗಿರಲಿಲ್ಲ. ಆದರೆ ಆ ಕಲ್ಲುಬೆಂಚಿನ ಮೇಲೆ ನನ್ನ ಮನಸ್ಸು ಹಗುರಾದದ್ದು ನಿಜ. ಆ ಪ್ರವಾಸದಲ್ಲಿ ನಾನು ಮಾಡಿದ ನಿಜವಾದ ಉಪಕಾರ ಆ ಹತ್ತು ನಿಮಿಷದ್ದು. ನಾನು ಆ ಮಗುವಿಗೆ ಏನೂ ಆಗಲಿಲ್ಲ. ಅದರ ಅಮ್ಮನ ಕೈಗೆ ಸ್ವಲ್ಪ ಬಿಡುವಾದೆ, ಅಷ್ಟೆ. ಒಳಗೆ ನನ್ನ ಮಗ, ಸೊಸೆ ಕೊಟ್ಟ ರಕ್ತವೂ ಹಾಗೆಯೇ. ಯಾವ ಮಗುವಿಗೆ ಹೋಯಿತೋ ಗೊತ್ತಿಲ್ಲ. ಆ ಮಗುವಿಗೂ ಇವರು ಗೊತ್ತಿಲ್ಲ. ಇವರು ಮರುದಿನ ವಿಮಾನ ಹತ್ತಿದರೂ ರಕ್ತ ಅಲ್ಲಿಯೇ ಉಳಿಯಿತು. ಆ ಮಗು ಎದ್ದು ಹೋದದ್ದು ತನ್ನ ಅಮ್ಮನ ಜೊತೆಗೆ, ತನ್ನ ಊರಿಗೆ.

ಇದನ್ನೇ ನಾನು ಇವತ್ತು ಹೇಳಬೇಕೆಂದಿದ್ದು. ಬೇರೆಯವರ ಮಗುವಿಗೆ ಉಪಕಾರ ಮಾಡುವ ಮನಸ್ಸಿದ್ದರೆ, ನಾಳೆಯೂ ಆ ಮಗುವಿನ ಜೊತೆ ಇರುವವರು ಯಾರು ಎಂದು ಮೊದಲು ನೋಡಿ. ಅವರ ಕೈ ಬಲಪಡಿಸಿ. ಅವರು ತಾಯಿಯಾಗಿರಬಹುದು, ಅಜ್ಜಿಯಾಗಿರಬಹುದು, ಆ ಊರಿನ ಮೇಷ್ಟ್ರಾಗಿರಬಹುದು, ದಾದಿಯಾಗಿರಬಹುದು.

ರಿಕ್ನರ್ 2018ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಆಸ್ಪತ್ರೆಗಳು ನಿಲ್ಲಲಿಲ್ಲ. ಅಲ್ಲಿನ ವೈದ್ಯರು, ದಾದಿಯರು ಹೆಚ್ಚುಕಡಿಮೆ ಎಲ್ಲರೂ ಕಾಂಬೋಡಿಯದವರೇ. ರಿಕ್ನರ್ ಇಪ್ಪತ್ತೈದು ವರ್ಷ ಅಲ್ಲಿದ್ದು ಆ ದೇಶದವರ ಕೈಗೇ ಕೆಲಸ ಕಲಿಸಿಕೊಟ್ಟಿದ್ದರು. ಅದೇ ಊರಿನಲ್ಲಿ ಅಂಕೋರ್ ಮಕ್ಕಳ ಆಸ್ಪತ್ರೆ ಎಂಬ ಇನ್ನೊಂದು ಆಸ್ಪತ್ರೆಯೂ 1999ರಲ್ಲೇ ಶುರುವಾಯಿತು. ದೇವಾಲಯಗಳ ಫೋಟೋ ತೆಗೆಯಲು ಬಂದ ಜಪಾನ್ ಮೂಲದ ಛಾಯಾಗ್ರಾಹಕ ಕೆನ್ರೊ ಇಜು ಅಲ್ಲಿನ ಮಕ್ಕಳ ಸ್ಥಿತಿ ನೋಡಿ ಮನಸ್ಸು ಕಲಕಿ, ಹಣ ಕೂಡಿಸಿ ಕಟ್ಟಿಸಿದ್ದು. ನಾನು ಆಗಲೇ ಹೇಳಿದ ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ ಬೀದಿಯ ಹುಡುಗರಿಗೆ ಅಡುಗೆ ಕಲಿಸಿ ಹೋಟೆಲು ನಡೆಸುತ್ತದೆ. ಅಮ್ಮಂದಿರಿಗೆ ಮನೆಯಲ್ಲೇ ಹೊಲಿಗೆ ಕೆಲಸ ಕೊಟ್ಟು, ಅವರು ಮಾಡಿದ ಚೀಲ, ಪರ್ಸುಗಳನ್ನು ಮಾರುತ್ತದೆ. ಮಗು ಬೀದಿಗೆ ಹೋಗದೆ ಶಾಲೆಗೆ ಹೋಗಲೆಂದು. ಅಂಥ ಕಡೆ ಒಂದು ಹೊತ್ತು ಊಟ ಮಾಡಿದರೂ ಸೇವೆಯೇ, ಒಂದು ಪರ್ಸು ಕೊಂಡರೂ ಸೇವೆಯೇ. ಕಾಂಬೋಡಿಯದ ಸರ್ಕಾರವೂ ಎಚ್ಚೆತ್ತಿತು. 2016ರಿಂದ 2018ರೊಳಗೆ ಮಕ್ಕಳ ಮನೆಗಳಲ್ಲಿರುವವರಲ್ಲಿ ಶೇಕಡ 30ರಷ್ಟು ಮಕ್ಕಳನ್ನು ಸುರಕ್ಷಿತವಾಗಿ ಸಂಸಾರಕ್ಕೆ ಮರಳಿಸಬೇಕೆಂದು ಗುರಿ ಇಟ್ಟುಕೊಂಡು ಕೆಲಸ ಮಾಡಿತು.

ನಮ್ಮ ಕನ್ನಡದ ಮಕ್ಕಳೂ ಈಗ ನೇಪಾಳಕ್ಕೆ, ಕಾಂಬೋಡಿಯಕ್ಕೆ, ಆಫ್ರಿಕದ ದೇಶಗಳಿಗೆ ಸ್ವಯಂಸೇವೆಗೆ ಹೋಗುತ್ತಾರೆ. ಹೋಗಲಿ, ಪ್ರಪಂಚ ನೋಡಲಿ. ಹೊರಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಲಿ. ಆ ಮಕ್ಕಳಿಗೆ ಮನೆಯವರು ಇದ್ದಾರೆಯೇ, ಇದ್ದರೆ ಮಗು ಏಕೆ ಮನೆಯಲ್ಲಿಲ್ಲ? ನಾನು ಮಾಡುವ ಕೆಲಸಕ್ಕೆ ಆ ಊರಿನವರೇ ಸಿಗುವುದಿಲ್ಲವೇ, ಅವರ ಸಂಬಳಕ್ಕೆ ಕಲ್ಲು ಹಾಕುತ್ತಿದ್ದೇನೆಯೇ? ನನ್ನ ತಂಗಿಯ ಮಗುವಿನ ಶಾಲೆಗೆ ಒಬ್ಬ ಅಪರಿಚಿತ ಹೀಗೆಯೇ ಬಂದರೆ ನಾನು ಒಪ್ಪುತ್ತೇನೆಯೇ? ನೀವು ದಾದಿಯಾಗಿದ್ದರೆ ಅಲ್ಲಿನ ದಾದಿಗೆ ಕಲಿಸಿ. ಮೇಷ್ಟ್ರಾಗಿದ್ದರೆ ಅಲ್ಲಿನ ಮೇಷ್ಟ್ರ ಜೊತೆ ಕೂತು ಅವರು ಕೇಳಿದ್ದನ್ನು ಹೇಳಿಕೊಡಿ. ಬಡಗಿಯಾಗಿದ್ದರೆ ಶಾಲೆಯ ಬೆಂಚು ರಿಪೇರಿ ಮಾಡಿಕೊಟ್ಟು ಬನ್ನಿ. ಏನೂ ಬಾರದಿದ್ದರೆ ರಕ್ತ ಕೊಟ್ಟು ಬನ್ನಿ.

ಕೊನೆಯದಾಗಿ ನಮ್ಮ ತಂದೆಯ ವಿಷಯ ಒಂದು ಹೇಳುತ್ತೇನೆ.

ನಮ್ಮ ತಂದೆ ವಾರಾನ್ನದ ಮೇಲೆ ಓದಿದವರು. ವಾರಾನ್ನ ಎಂದರೆ ಇಂದಿನ ಮಕ್ಕಳಿಗೆ ಗೊತ್ತಿರಲಾರದು. ಊರಿನಲ್ಲಿ ಹೈಸ್ಕೂಲು ಇಲ್ಲ, ಪೇಟೆಯಲ್ಲಿ ಇದ್ದು ಓದಲು ಹಣವಿಲ್ಲ. ಆಗ ಪೇಟೆಯ ಏಳು ಮನೆಯವರು ವಾರಕ್ಕೆ ಒಂದೊಂದು ದಿನದಂತೆ ಹುಡುಗನಿಗೆ ಊಟ ಹಾಕುವರು. ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ. ಅದಕ್ಕೆ ಜಾತಿಯ ಬೇಲಿ ಇತ್ತು, ಆ ಬೇಲಿಯ ಹೊರಗೆ ಉಳಿದ ಎಷ್ಟೋ ಮಕ್ಕಳು ಹಸಿದೇ ಇದ್ದರು. ಆ ತಪ್ಪನ್ನು ಮುಚ್ಚಿಟ್ಟು ಹೊಗಳಬಾರದು. 2003ರಲ್ಲಿ ನಮ್ಮ ಶಾಲೆಗೆ ಅಕ್ಷರ ದಾಸೋಹದ ಬಿಸಿಯೂಟ ಬಂದು ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಉಂಡ ದಿನ ತಂದೆಗೆ ಹೇಳಿದೆ. ಅವರಿಗೆ ಆಗ ಎಂಬತ್ತರ ಹತ್ತಿರ. "ಇದು ನಮ್ಮ ವಾರಾನ್ನಕ್ಕಿಂತ ದೊಡ್ಡದು ಮಗಾ. ಮಗು ಉಂಡು ಸಂಜೆ ತನ್ನ ಮನೆಗೇ ಹೋಗುತ್ತದಲ್ಲ" ಎಂದರು.

ಏಳು ಮನೆಗಳಲ್ಲಿ ಅವರಿಗೆ ಹೆಚ್ಚು ನೆನಪಿದ್ದದ್ದು ಗುರುವಾರದ ಮನೆ. ಆ ಮನೆಯ ಊಟ ವಿಶೇಷವೇನೂ ಇರಲಿಲ್ಲವಂತೆ, ಅನ್ನ, ತಿಳಿಸಾರು, ಮಜ್ಜಿಗೆ. ಆದರೆ ಆ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ತಿಂಗಳಿಗೆ ಒಂದು ಗುರುವಾರ, ಊಟವಾಗಿ ಕೈ ತೊಳೆದ ಮೇಲೆ, ಒಂದು ಪೋಸ್ಟ್ ಕಾರ್ಡನ್ನೂ ಮಸಿ ದೌತಿಯನ್ನೂ ನಮ್ಮ ತಂದೆಯ ಮುಂದೆ ಇಡುವರಂತೆ. "ಅಮ್ಮನಿಗೆ ಕಾಗದ ಬರೆದೆಯಾ? ಬರೆ, ನಾನು ಡಬ್ಬಿಗೆ ಹಾಕಿಸುತ್ತೇನೆ" ಎನ್ನುವರಂತೆ. ಊರಿನಲ್ಲಿದ್ದ ನಮ್ಮ ಅಜ್ಜಿಗೆ, ಅಂದರೆ ತಂದೆಯ ತಾಯಿಗೆ, ಓದು ಬರುತ್ತಿರಲಿಲ್ಲ. ಪಕ್ಕದ ಮನೆಯವರಿಂದ ಓದಿಸಿ ಕೇಳಿ, ಆ ಕಾರ್ಡುಗಳನ್ನೆಲ್ಲ ತಂತಿಗೆ ಚುಚ್ಚಿ ದೇವರ ಗೂಡಿನ ಪಕ್ಕದಲ್ಲಿ ನೇತುಹಾಕಿದ್ದರು. ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಆ ಗುರುವಾರದ ಅಜ್ಜಿ ಹುಡುಗನಿಗೆ ಊಟ ಹಾಕಿದರು. ಆದರೆ ತಾನೇ ಅವನ ಅಮ್ಮನಾಗಲು ಹೋಗಲಿಲ್ಲ. ಅವನ ಅಮ್ಮ ಎಲ್ಲಿದ್ದಳೋ ಅಲ್ಲಿಗೆ ಅವನ ಕೈ ತಲುಪುವ ಹಾಗೆ ನೋಡಿಕೊಂಡರು.

ನಾನು ಓದಿದ ವರದಿಗಳೆಲ್ಲ ಹೇಳುವುದನ್ನು ಆ ಅಜ್ಜಿ ಒಂದು ಕಾರ್ಡಿನಲ್ಲಿ ಮಾಡಿ ಮುಗಿಸಿದ್ದರು.

ಈಗ ನಮ್ಮೂರಿನ ಹತ್ತಿರದ ಹಾಸ್ಟೆಲ್ಲಿಗೆ, ವಾರ್ಡನ್ ಅವರ ಒಪ್ಪಿಗೆ ಪಡೆದು, ತಿಂಗಳಿಗೆ ಎರಡು ಭಾನುವಾರ ಗಣಿತ ಹೇಳಿಕೊಡಲು ಹೋಗುತ್ತೇನೆ. ದೂರದ ಹಳ್ಳಿಗಳಿಂದ, ಕಾಡಂಚಿನ ಹಾಡಿಗಳಿಂದ ಬಂದ ಮಕ್ಕಳು. ಪಾಠ ಮುಗಿದ ಮೇಲೆ ನನ್ನ ಮೊಬೈಲನ್ನು ಮೇಜಿನ ಮೇಲೆ ಇಟ್ಟು ಕೇಳುತ್ತೇನೆ: "ಯಾರು ಅಮ್ಮನ ಜೊತೆ ಮಾತಾಡಿಲ್ಲ ಈ ವಾರ?" ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಒಬ್ಬೊಬ್ಬರಿಗೆ ಐದು ನಿಮಿಷ. ಕೆಲವರು ಏನೂ ಮಾತಾಡುವುದಿಲ್ಲ, ಫೋನು ಕಿವಿಗೆ ಇಟ್ಟುಕೊಂಡು ಅಮ್ಮನ ಮಾತು ಕೇಳಿಸಿಕೊಳ್ಳುತ್ತ ನಿಲ್ಲುತ್ತಾರೆ. ನಾನು ಆಚೆ ಹೋಗಿ ನಿಲ್ಲುತ್ತೇನೆ.

ಸಿಯೆಮ್ ರೀಪಿನಲ್ಲಿ ನನ್ನ ಸೆರಗು ಹಿಡಿದ ಆ ಮಗುವಿಗೆ ಈಗ ಹದಿನೈದರ ಆಸುಪಾಸು. ಅವಳು ಪ್ರೇ ವೆಂಗ್‌ಗೆ ಮರಳಿರಲಿ, ಅವಳ ಅಮ್ಮನ ಹತ್ತಿರ ಇರಲಿ ಎಂದು ಪ್ರತಿ ಭಾನುವಾರವೂ ಬೇಡಿಕೊಳ್ಳುತ್ತೇನೆ. ಅವತ್ತು ನಾನು ಅವಳ ಕೈಗೆ ಪೆನ್ಸಿಲು ಕೊಟ್ಟೆ. ಅದರ ಜೊತೆಗೆ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಲಿಲ್ಲ.

ನೀವು ಕೇಳಿ.